ಮಳೆಗಾಲದ ಸೆರೆಂಗೆಟಿ

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಶಬ್ದ. ಪ್ರಯಾಣವೆಂಬುದೇ ಅದರ ಮೂಲಾರ್ಥ. ಅರಬ್ಬೀ ಭಾಷೆಯ ‘ಸಫರ್’ ಎಂಬ ಶಬ್ದವು ವರ್ತಕರೊಡನೆ ಪೂರ್ವ ಆಫ್ರಿಕದ ಕರಾವಳಿಗೆ ಬಂದು ಈ ರೂಪವನ್ನು ತಳೆಯಿತು. ಅದೇ ಶಬ್ದವು ಹಿಂದೂಸ್ಥಾನಿಯಲ್ಲಿಯೂ ಅದೇ ಅರ್ಥದಲ್ಲಿ ಇಂದಿಗೂ ಬಳಕೆಯಲ್ಲಿದೆ. ಮೊದಲು ವರ್ತಕರ ಕಾಲ್ನಡೆಯ ತಂಡಗಳಿಗೆ, ತರುವಾಯ ಬಿಳಿಯರ ಬೇಟೆಯ ಯಾತ್ರೆಗಳಿಗೆ ಸಂದ ಈ ಹೆಸರು ಈಗ ವನ್ಯಮೃಗಗಳನ್ನು ಅವುಗಳ ನೆಲೆಯಲ್ಲಿಯೇ ಕಂಡು ಮರಳುವ ಪ್ರವಾಸಕ್ಕೆ ಸಲ್ಲುತ್ತಿದೆ. ಬಂದೂಕಿದ್ದ ಕೈಯಲ್ಲಿ ಇಂದು ಕ್ಯಾಮೆರಾ ಇದೆ.

ಇಂತಹ ಪ್ರವಾಸಕ್ಕೆ ಮಳೆಯಿಲ್ಲದ ಕಾಲವೇ ಯೋಗ್ಯವೆಂಬುದು ವಾಡಿಕೆಯ ಮಾತು. ಇದರಲ್ಲಿ ಸತ್ಯಾಂಶವಿದೆ. ನೆಲವೆಲ್ಲ ಒಣಗಿದಾಗ ಮೃಗಗಳು ಅಳಿದುಳಿದ ನೀರಿನ ಆಸರೆಯನ್ನು ಹುಡುಕಿಕೊಂಡು ಒಂದೆಡೆ ನೆರೆಯುತ್ತವೆ. ಹುಲ್ಲು ಸಣ್ಣದಾಗಿ, ಪೊದೆಗಳು ಎಲೆ ಉದುರಿಸಿ, ನೋಟಕ್ಕೆ ಅಡ್ಡಿಯಿರುವುದಿಲ್ಲ. ಮಳೆ ಬಿದ್ದೊಡನೆ ಎಲ್ಲೆಡೆಯೂ ನೀರು, ಎಲ್ಲೆಡೆಯೂ ಮೇವು, ಪ್ರಾಣಿಗಳು ಚದುರಿಹೋಗುತ್ತವೆ. ಜಾಂಬಿಯಾ ದೇಶದ ಲುಆಂಗ್ವಾ ಕಣಿವೆಯಲ್ಲಿ ಈ ಕಾರಣದಿಂದಲೂ ದಾರಿಗಳು ಕೆಸರಾಗುವುದರಿಂದಲೂ ಎಷ್ಟೋ ಶಿಬಿರಗಳು ಮಳೆಗಾಲದಲ್ಲಿ ಮುಚ್ಚಿರುತ್ತವೆ. ಆದರೆ ಈ ನಿಯಮವು ತಲೆಕೆಳಗಾಗುವ ಸ್ಥಳವೊಂದುಂಟು. ಉತ್ತರ ಟಾಂಜಾನಿಯಾದ ಎನ್‌ಡುಟು ಎಂಬಲ್ಲಿ ಮಳೆಯು ಮೃಗಗಳನ್ನು ಚದುರಿಸುವುದಿಲ್ಲ, ಕರೆತರುತ್ತದೆ. ಅಲ್ಲಿಯ ಶಿಬಿರಗಳಲ್ಲಿ ಮಳೆಗಾಲದಲ್ಲಿ ಕಾಣುವ ದೃಶ್ಯಗಳು ಯಾವುವು, ಅವುಗಳ ಹಿಂದಿರುವ ಕಾರಣಗಳೇನು, ಆ ದೃಶ್ಯಗಳು ಮುಂದೆಯೂ ಉಳಿಯಲು ಅವಶ್ಯವಾದುದು ಯಾವುದು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವರಿಸಲಾಗಿದೆ.

ನೆಲ ಮತ್ತು ಮಳೆ

ಸೆರೆಂಗೆಟಿ ಎಂಬ ಹೆಸರು ಮಾಸಾಯಿ ಜನರ ಮಾತಿನಿಂದ ಬಂದುದು. ಕೊನೆಯಿಲ್ಲದೆ ಹರಡಿದ ಬಯಲು ಎಂದು ಅದರ ಅರ್ಥ. ೧೯೫೧ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಪ್ರದೇಶದ ವಿಸ್ತಾರ ಈಗ ೧೪,೭೬೩ ಚದರ ಕಿಲೋಮೀಟರು. ಇದರ ಆಗ್ನೇಯಕ್ಕೆ ತಗುಲಿಕೊಂಡು ೮,೦೦೦ ಚದರ ಕಿಲೋಮೀಟರಿಗೂ ಮಿಕ್ಕ ಎನ್‌ಗೊರೊಂಗೊರೊ ಸಂರಕ್ಷಣಾ ಪ್ರದೇಶವಿದೆ. ಇವೆರಡರ ಗಡಿಯ ಮೇಲೆಯೇ ಎನ್‌ಡುಟು ಮತ್ತು ಮಾಸೆಕ್ ಎಂಬ ಎರಡು ಸವಳುನೀರಿನ ಸರೋವರಗಳು. ಆದಿಮಾನವನ ಅವಶೇಷಗಳಿಂದ ಜಗತ್ಪ್ರಸಿದ್ಧವಾದ ಓಲ್ಡುವಾಯ್ ಕಮರಿಯ ಮೊದಲು ಇಲ್ಲಿಯೇ. ಸರೋವರಗಳ ಸುತ್ತಲೂ ಕೊಡೆಯಂತೆ ಹರಡಿದ ಜಾಲಿಯ ಜಾತಿಯ ಮರಗಳಿವೆ. ಅವುಗಳ ನೆರಳಿನಲ್ಲಿ ಡೇರೆಗಳ ಶಿಬಿರಗಳು ನಿಲ್ಲುತ್ತವೆ. ಇವುಗಳಲ್ಲಿ ಹಲವು ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಇದ್ದು, ಅನಂತರ ಡೇರೆ ಕಿತ್ತು ಹಿಂಡುಗಳ ಬೆನ್ನು ಹಿಡಿದು ಉತ್ತರಕ್ಕೆ ಸಾಗುತ್ತವೆ.

ಆ ಸೀಮೆಗೆ ವರ್ಷದಲ್ಲಿ ಎರಡು ಮಳೆ. ನವೆಂಬರ್ ಡಿಸೆಂಬರಿನ ಸಣ್ಣ ಮಳೆಗೆ ‘ವುಲಿ’ ಎಂದೂ, ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಗೆ ‘ಮಸಿಕ’ ಎಂದೂ ಸ್ವಾಹಿಲಿಯಲ್ಲಿ ಹೆಸರು. ಇವೆರಡರ ನಡುವಿನ ಜನವರಿ ಫೆಬ್ರವರಿಗಳಲ್ಲಿಯೂ ಅಲ್ಲಲ್ಲಿ ಮಳೆ ಬೀಳುತ್ತಿರುತ್ತದೆ. ಕನ್ನಡ ನಾಡಿನಲ್ಲಿ ಸುಗ್ಗಿ ನಡೆಯುತ್ತಿರುವಾಗ ಅಲ್ಲಿ ಬಯಲೆಲ್ಲ ಹಸುರಾಗಿರುತ್ತದೆ. ಆದರೆ ಮಳೆಯು ಎಲ್ಲೆಡೆಗೂ ಸಮನಾಗಿಲ್ಲ. ಸೆರೆಂಗೆಟಿಯ ವಾಯವ್ಯದಲ್ಲಿ ವರ್ಷಕ್ಕೆ ೧,೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಆಗ್ನೇಯದ ಬಯಲಿನಲ್ಲಿ ಸುಮಾರು ೫೦೦ ಮಿಲಿಮೀಟರು ಮಾತ್ರ. ಹಾಗಿದ್ದರೆ ಹೆಚ್ಚು ಮಳೆಯ, ಹೆಚ್ಚು ಹುಲ್ಲಿನ ಉತ್ತರವನ್ನು ಬಿಟ್ಟು ಲಕ್ಷಾಂತರ ಮೃಗಗಳು ಈ ಬಡ ಬಯಲಿಗೆ ಬರುವುದೇಕೆ?

ಇದಕ್ಕೆ ಉತ್ತರವು ಮಣ್ಣಿನಲ್ಲಿದೆ. ಬಯಲಿನ ಪೂರ್ವಕ್ಕೆ ಜ್ವಾಲಾಮುಖಿಗಳ ಸಾಲೊಂದಿದೆ. ಅವುಗಳಲ್ಲಿ ಓಲ್ ಡೊಯ್ನ್ಯೊ ಲೆಂಗೈ ಎಂಬುದು ಇನ್ನೂ ಜೀವಂತವಾಗಿದೆ. ದೇವರ ಬೆಟ್ಟವೆಂದು ಮಾಸಾಯಿಗಳು ಅದನ್ನು ಕರೆಯುತ್ತಾರೆ. ೧೯೬೬ರಲ್ಲಿಯೂ ೨೦೦೭ರಲ್ಲಿಯೂ ಅದು ಬೂದಿಯನ್ನು ಉಗುಳಿದುದು ದಾಖಲಾಗಿದೆ. ಸಾವಿರಾರು ವರ್ಷಗಳಿಂದ ಗಾಳಿಯೊಡನೆ ಬಂದು ಬಿದ್ದ ಇಂತಹ ಬೂದಿಯೇ ಬಯಲಿನ ಮೇಲ್ಮಣ್ಣು. ಮಳೆಯ ನೀರು ಅದರೊಳಗಿನ ಸುಣ್ಣದ ಅಂಶವನ್ನು ಕರಗಿಸಿ ಕೆಳಕ್ಕೆ ಇಳಿಸುವುದರಿಂದ ಕೊಂಚ ಆಳದಲ್ಲಿ ಗಾರೆಯಂತಹ ಗಟ್ಟಿಯಾದ ಪದರವೊಂದು ಏರ್ಪಟ್ಟಿದೆ. ಮರಗಳ ಬೇರು ಇದನ್ನು ಭೇದಿಸಲಾರದು. ಆದ್ದರಿಂದ ಅಲ್ಲಿ ಬೆಳೆಯುವುದು ನೆಲಕ್ಕೆ ಅಂಟಿಕೊಂಡಂತಿರುವ ಗಿಡ್ಡ ಹುಲ್ಲು ಮಾತ್ರ. ಕನ್ನಡ ನಾಡಿನ ಹೊಲದ ಬದುಗಳಲ್ಲಿ ಹಬ್ಬುವ ಗರಿಕೆಯೂ ಅಲ್ಲಿಯ ಹುಲ್ಲುಗಳಲ್ಲಿ ಒಂದು. ಈ ಹುಲ್ಲು ನೋಟಕ್ಕೆ ಅಲ್ಪವಾದರೂ ಸುಣ್ಣ, ರಂಜಕ ಮೊದಲಾದ ಖನಿಜಾಂಶಗಳಲ್ಲಿ ಸಮೃದ್ಧವಾದುದು. ಬಸುರಾದ ಮತ್ತು ಹಾಲೂಡಿಸುವ ತಾಯಿಗೂ ಬೆಳೆಯುವ ಮರಿಗೂ ಬೇಕಾದ ಸತ್ತ್ವಗಳು ಇವೇ. ಉತ್ತರದ ಎತ್ತರದ ಹುಲ್ಲು ಹೊಟ್ಟೆಯನ್ನು ತುಂಬಿಸುತ್ತದೆ; ದಕ್ಷಿಣದ ಗಿಡ್ಡ ಹುಲ್ಲು ಮರಿಯನ್ನು ಬೆಳೆಸುತ್ತದೆ.

ಈ ಸೌಭಾಗ್ಯವು ಅಲ್ಪಕಾಲದ್ದು. ಮಳೆ ನಿಂತ ಕೆಲವೇ ವಾರಗಳಲ್ಲಿ ಬಯಲು ಒಣಗುತ್ತದೆ. ಮಳೆನೀರಿನ ಹೊಂಡಗಳು ಬತ್ತುತ್ತವೆ. ಸರೋವರಗಳ ನೀರು ಸವಳಿನಿಂದ ಕುಡಿಯಲಾಗದಂತಾಗುತ್ತದೆ. ಆಗ ಹಿಂಡುಗಳು ಅನಿವಾರ್ಯವಾಗಿ ಪಶ್ಚಿಮಕ್ಕೂ ಅಲ್ಲಿಂದ ಉತ್ತರದ ಮಾರಾ ನದಿಯ ಕಡೆಗೂ ಹೊರಡುತ್ತವೆ. ನವೆಂಬರಿನ ಮೊದಲ ಮೋಡಗಳೊಡನೆ ದಕ್ಷಿಣಕ್ಕೆ ಮುಖ ಮಾಡುತ್ತವೆ. ವರ್ಷವಿಡೀ ನಡೆಯುವ ಈ ಪ್ರದಕ್ಷಿಣೆಗೆ ಮಳೆಯೇ ಸೂತ್ರಧಾರ.

ಹುಟ್ಟಿನ ಹಬ್ಬ

ಈ ಯಾತ್ರಿಕರಲ್ಲಿ ಮುಖ್ಯವಾದುದು ವೈಲ್ಡ್‌ಬೀಸ್ಟ್. ದನದ ಕೊಂಬು, ಕುದುರೆಯ ಬಾಲ, ಆಡಿನ ಗಡ್ಡ ಒಂದೆಡೆ ಸೇರಿದಂತೆ ಕಾಣುವ ಈ ಪ್ರಾಣಿ ಜಿಂಕೆಗಳಂತೆ ಮೆಲುಕು ಹಾಕುವ ಗೊರಸಿನ ಮೃಗ. ಇದರೊಡನೆ ಲಕ್ಷಗಟ್ಟಲೆ ಜೀಬ್ರಾಗಳೂ ಥಾಮ್ಸನ್ ಗೆಜೆಲ್ ಎಂಬ ಚಿಕ್ಕ ಹುಲ್ಲೆಗಳೂ ಬರುತ್ತವೆ. ಮೂರಕ್ಕೂ ಮೇವಿನಲ್ಲಿ ಕಲಹವಿಲ್ಲ. ಒರಟಾದ ಹುಲ್ಲಿನ ತುದಿಯನ್ನು ಜೀಬ್ರಾ ಮೇಯುತ್ತದೆ. ಅದರಡಿಯ ಎಲೆಯನ್ನು ವೈಲ್ಡ್‌ಬೀಸ್ಟ್ ಮೇಯುತ್ತದೆ. ಅನಂತರ ಚಿಗುರುವ ಎಳೆಯ ಕುಡಿಯೂ ನೆಲಮಟ್ಟದ ಸಣ್ಣ ಸೊಪ್ಪೂ ಹುಲ್ಲೆಯ ಪಾಲು.

ಜನವರಿಯ ಕೊನೆಯಿಂದ ಮಾರ್ಚ್‌ನ ಮೊದಲವರೆಗೆ ವೈಲ್ಡ್‌ಬೀಸ್ಟ್‌ಗಳು ಈಯುತ್ತವೆ. ಹುಟ್ಟುವ ಕರುಗಳ ಸಂಖ್ಯೆ ಲಕ್ಷಗಳಲ್ಲಿದೆ. ಅವುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಎರಡು ಮೂರು ವಾರಗಳ ಅವಧಿಯಲ್ಲಿಯೇ ಹುಟ್ಟುತ್ತವೆ. ಇದು ಕಾಕತಾಳೀಯವಲ್ಲ. ತೋಳ ತಿಂದರೂ ಮಂದೆ ಉಳಿಯುವುದು ಮಂದೆ ದೊಡ್ಡದಿದ್ದಾಗ ಎಂಬುದು ಕುರುಬರಿಗೆ ತಿಳಿದ ವಿಷಯ. ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ಅವುಗಳ ಹೊಟ್ಟೆಗೆ ಒಂದು ಮಿತಿಯಿದೆ. ಸಕಲ ಕರುಗಳೂ ಒಮ್ಮೆಗೇ ಹುಟ್ಟಿದಾಗ ಬಹುಪಾಲು ಉಳಿದುಕೊಳ್ಳುತ್ತವೆ. ಆ ಸಮಯಕ್ಕಿಂತ ಮುಂಚೆ ಅಥವಾ ತಡವಾಗಿ ಒಂಟಿಯಾಗಿ ಹುಟ್ಟಿದ ಕರುಗಳೇ ಹೆಚ್ಚಾಗಿ ಬಲಿಯಾಗುತ್ತವೆ. ವೈಲ್ಡ್‌ಬೀಸ್ಟ್‌ಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ರಿಚರ್ಡ್ ಎಸ್ಟಿಸ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಎನ್‌ಗೊರೊಂಗೊರೊದಲ್ಲಿ ಎಣಿಸಿ ತೋರಿಸಿದರು. ಹೆರಿಗೆಯೂ ಬಹುಮಟ್ಟಿಗೆ ಹಗಲಿನ ಪೂರ್ವಾರ್ಧದಲ್ಲಿಯೇ ಆಗುತ್ತದೆ. ಕತ್ತಲೆಯೊಡನೆ ಬೇಟೆಗಾರ ಮೃಗಗಳು ಹೊರಡುವಷ್ಟರಲ್ಲಿ ಕರುವಿನ ಕಾಲಿಗೆ ಬಲ ಬಂದಿರುತ್ತದೆ.

ಶಿಬಿರದಿಂದ ಬೆಳಗ್ಗೆ ಹೊರಟ ವಾಹನದವರಿಗೆ ಈ ದೃಶ್ಯವು ನೂರಾರು ಗಜಗಳ ಅಂತರದಲ್ಲಿಯೇ ಕಾಣಸಿಗುತ್ತದೆ. ನೆಲಕ್ಕೆ ಬಿದ್ದ ಕರುವನ್ನು ತಾಯಿ ನೆಕ್ಕುತ್ತದೆ. ಕರು ಎದ್ದು ಬೀಳುತ್ತದೆ, ಮತ್ತೆ ಏಳುತ್ತದೆ. ಆರೇಳು ನಿಮಿಷಗಳಲ್ಲಿ ನಿಲ್ಲಲು ಕಲಿತು ಕೆಲಹೊತ್ತಿನಲ್ಲಿಯೇ ತಾಯಿಯ ಪಕ್ಕದಲ್ಲಿ ಓಡತೊಡಗುತ್ತದೆ. ಆ ಮೊದಲ ಗಳಿಗೆಗಳಲ್ಲಿಯೇ ತಾಯಿ ಮಗುವಿನ ಗುರುತು ಕೂಡಬೇಕು. ಗುರುತು ಹತ್ತುವ ಮೊದಲೇ ಹಿಂಡು ಬೆದರಿ ಓಡಿದರೆ ಕರು ಅಗಲುತ್ತದೆ. ಅನ್ಯ ತಾಯಿ ಅದಕ್ಕೆ ಹಾಲು ಕೊಡುವುದಿಲ್ಲ. ಹಿಂಡು ಎನ್‌ಡುಟು ಸರೋವರವನ್ನು ಹಾದು ಹೋಗುವಾಗಲೂ ಇಂತಹ ಅಗಲಿಕೆಗಳು ನಡೆಯುತ್ತವೆ. ದಡದಲ್ಲಿ ಕೂಗುತ್ತ ನಿಂತ ಕರುವೂ, ಕರುವನ್ನರಸಿ ಮತ್ತೆ ನೀರಿಗಿಳಿಯುವ ತಾಯಿಯೂ ನೋಡುವವರ ಕರುಳನ್ನು ಹಿಂಡುತ್ತವೆ.

ಹುಲ್ಲೆಯ ಕ್ರಮ ಬೇರೆ. ಅದರ ಮರಿ ಮೊದಲ ಕೆಲವು ವಾರಗಳನ್ನು ಹುಲ್ಲಿನಲ್ಲಿ ಕದಲದೆ ಮಲಗಿ ಕಳೆಯುತ್ತದೆ. ತಾಯಿ ದೂರದಲ್ಲಿ ಮೇಯುತ್ತಿದ್ದು, ದಿನದಲ್ಲಿ ಕೆಲವೇ ಸಲ ಬಂದು ಹಾಲೂಡಿಸಿ, ವಾಸನೆ ಉಳಿಯದಂತೆ ಮರಿಯನ್ನು ನೆಕ್ಕಿ ಶುಚಿಗೊಳಿಸಿ ಮರಳುತ್ತದೆ. ಓಡುವುದು ಒಂದರ ರಕ್ಷಣೆ. ಅಡಗುವುದು ಇನ್ನೊಂದರ ರಕ್ಷಣೆ.

ಬೇಟೆಗಾರ ಮೃಗಗಳು

ಸ್ವಾಹಿಲಿಯಲ್ಲಿ ಸಿಂಹಕ್ಕೆ ‘ಸಿಂಬಾ’ ಎನ್ನುತ್ತಾರೆ. ಸಂಸ್ಕೃತದ ಸಿಂಹ ಶಬ್ದದೊಡನೆ ಅದಕ್ಕಿರುವುದು ಧ್ವನಿಸಾಮ್ಯ ಮಾತ್ರ. ಅದು ಬಾಂಟು ಭಾಷೆಗಳ ಸ್ವಂತ ಶಬ್ದ. ಸಿಂಹವು ಹಿಂಡುಗಳ ಹಿಂದೆ ಊರೂರು ಅಲೆಯುವುದಿಲ್ಲ. ಬಹುಪಾಲು ಸಿಂಹಗಳು ತಮ್ಮ ಸೀಮೆಯನ್ನು ಕಾದುಕೊಂಡೇ ಇರುತ್ತವೆ. ಮಳೆಗಾಲದಲ್ಲಿ ಹಿಂಡುಗಳು ಮನೆಬಾಗಿಲಿಗೆ ಬಂದಾಗ ಅವುಗಳಿಗೆ ಸಮೃದ್ಧಿ. ಹಿಂಡುಗಳು ಹೊರಟುಹೋದ ಮೇಲೆ ಬಯಲಿನ ಸಿಂಹದ ಮರಿಗಳು ಹಸಿವಿನಿಂದ ಸಾಯುವುದೂ ಉಂಟು. ಭಾರತದ ಕಾನ್ಹಾ ಅರಣ್ಯದಲ್ಲಿ ಹುಲಿಯನ್ನು ಅಧ್ಯಯನ ಮಾಡಿದ್ದ ಜಾರ್ಜ್ ಶಾಲರ್ ಅವರು ೧೯೬೬ರಿಂದ ಮೂರು ವರ್ಷಗಳ ಕಾಲ ಸೆರೆಂಗೆಟಿಯಲ್ಲಿ ನೆಲೆಸಿ ಸಿಂಹದ ಈ ಸುಖದುಃಖಗಳನ್ನು ಬರೆದಿಟ್ಟರು.

ಕತ್ತೆಕಿರುಬವು ಸಿಂಹದ ಎಂಜಲನ್ನು ತಿಂದು ಬದುಕುವ ಹೇಡಿ ಎಂಬ ಅಪಖ್ಯಾತಿ ಬಹುಕಾಲದ್ದು. ಹಾನ್ಸ್ ಕ್ರೂಕ್ ಎಂಬ ಡಚ್ ವಿಜ್ಞಾನಿ ರಾತ್ರಿಗಳಲ್ಲಿ ಅವುಗಳನ್ನು ಹಿಂಬಾಲಿಸಿ, ಅವು ತಾವೇ ಸಮರ್ಥ ಬೇಟೆಗಾರರೆಂದೂ, ಎನ್‌ಗೊರೊಂಗೊರೊದಲ್ಲಿ ಅವು ಕೊಂದುದನ್ನು ಸಿಂಹವೇ ಕಸಿದು ತಿನ್ನುವುದು ಸಾಮಾನ್ಯವೆಂದೂ ತೋರಿಸಿದರು. ಅವರ ಗ್ರಂಥವು ೧೯೭೨ರಲ್ಲಿ ಪ್ರಕಟವಾಯಿತು. ಹಿಂಡುಗಳು ದೂರವಿರುವಾಗ ತಾಯಿ ಕತ್ತೆಕಿರುಬವು ಮರಿಗಳನ್ನು ಬಿಲದಲ್ಲಿ ಬಿಟ್ಟು, ಸರಾಸರಿ ೪೦ ಕಿಲೋಮೀಟರು ಹೋಗಿ ತಿಂದು, ಹಾಲೂಡಿಸಲು ಅಷ್ಟೇ ದೂರ ಮರಳುತ್ತದೆ ಎಂಬುದು ತರುವಾಯದ ಸಂಶೋಧನೆ. ಕ್ರೂರವೆನಿಸಿದ ಮೃಗದಲ್ಲಿಯೂ ಮಾತೃತ್ವದ ಶ್ರಮವು ಹೀಗಿದೆ.

ಗಿಡ್ಡ ಹುಲ್ಲಿನ ತೆರೆದ ಬಯಲು ಚೀತಾಗಳಿಗೂ ಪ್ರಿಯ. ಹಿಂದಿನ ಕನ್ನಡಿಗರು ಸಿವಂಗಿ ಎಂದು ಕರೆಯುತ್ತಿದ್ದ ಪ್ರಾಣಿ ಇದೇ. ಭಾರತದಲ್ಲಿ ಅದರ ಕುಲವು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಳಿಯಿತು. ೨೦೨೨ರಲ್ಲಿ ನಮೀಬಿಯಾದಿಂದ ತಂದ ಚೀತಾಗಳನ್ನು ಮಧ್ಯಪ್ರದೇಶದ ಕೂನೊ ಅರಣ್ಯದಲ್ಲಿ ಬಿಡಲಾಯಿತು. ಹುಲ್ಲೆಯೇ ಅದರ ಮುಖ್ಯ ಆಹಾರವಾದುದರಿಂದ ಅದು ಹುಲ್ಲೆಗಳೊಡನೆಯೇ ಎನ್‌ಡುಟುವಿಗೆ ಬರುತ್ತದೆ. ಆದರೆ ಓಟದಲ್ಲಿ ಅದ್ವಿತೀಯವಾದ ಈ ಪ್ರಾಣಿ ಜಗಳದಲ್ಲಿ ದುರ್ಬಲ. ಸೆರೆಂಗೆಟಿಯ ಬಯಲಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಹುಟ್ಟಿದ ಮರಿಗಳಲ್ಲಿ ನೂರಕ್ಕೆ ಐದರಷ್ಟು ಮಾತ್ರ ಸ್ವತಂತ್ರವಾಗುವವರೆಗೆ ಬದುಕಿದುದು ಕಂಡುಬಂದಿತು. ಸತ್ತವುಗಳಲ್ಲಿ ಹೆಚ್ಚಿನವು ಸಿಂಹಗಳಿಗೆ ಬಲಿಯಾದವು.

ಸಣ್ಣ ಜೀವಿಗಳು

ದೊಡ್ಡ ಮೃಗಗಳ ಮೇಲೆಯೇ ದೃಷ್ಟಿಯಿಟ್ಟವರು ಮಳೆಗಾಲದ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಮೊದಲ ಮಳೆಯ ಸಂಜೆ ನೆಲದಿಂದ ಈಸಲು ಹುಳುಗಳು ಹೊಗೆಯಂತೆ ಏಳುತ್ತವೆ; ಹದ್ದಿನಿಂದ ಹಿಡಿದು ನರಿಯವರೆಗೆ ಎಲ್ಲಕ್ಕೂ ಅವು ಔತಣ. ಯುರೋಪಿನಲ್ಲಿ ಗೂಡು ಕಟ್ಟುವ ಬಿಳಿಯ ಕೊಕ್ಕರೆಗಳು ಚಳಿಗಾಲವನ್ನು ಕಳೆಯಲು ಇಲ್ಲಿಗೆ ಬಂದು ಬಯಲಿನಲ್ಲಿ ಮಿಡತೆಗಳನ್ನು ಹೆಕ್ಕುತ್ತವೆ. ಸವಳು ಸರೋವರದ ಅಂಚಿನಲ್ಲಿ ಫ್ಲೆಮಿಂಗೊ ಹಕ್ಕಿಗಳು ಗುಲಾಬಿ ಬಣ್ಣದ ರೇಖೆಯಂತೆ ನಿಲ್ಲುತ್ತವೆ. ಲಕ್ಷಾಂತರ ಮೃಗಗಳ ಸಗಣಿಯನ್ನು ಸಗಣಿಹುಳುಗಳು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗಿ ಮಣ್ಣಿನೊಳಗೆ ಹೂಳುತ್ತವೆ. ಮೃಗವು ಹುಲ್ಲಿನಿಂದ ಪಡೆದುದು ಹೀಗೆ ಹುಲ್ಲಿನ ಬೇರಿಗೇ ಮರಳುತ್ತದೆ. ಈ ಹುಳುವಿನ ದುಡಿಮೆಯಿಲ್ಲದೆ ಆ ಹಸುರಿಲ್ಲ.

ದೊಡ್ಡರೋಗ ಮತ್ತು ದನಗಾಹಿಗಳು

ಈ ವೈಭವವು ಅನಾದಿಯಿಂದ ಹೀಗೆಯೇ ಇದ್ದುದೆಂದು ಭಾವಿಸುವುದು ಸರಿಯಲ್ಲ. ಕನ್ನಡದ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿ ೧೮೯೦ರ ಸುಮಾರಿಗೆ ಪೂರ್ವ ಆಫ್ರಿಕಕ್ಕೆ ಹಬ್ಬಿತು. ಮಾಸಾಯಿಗಳ ದನಗಳು ಬಹುಪಾಲು ಸತ್ತವು. ಅವುಗಳನ್ನೇ ನಂಬಿದ್ದ ಜನರು ಹಸಿವಿನಿಂದ ಸತ್ತರು. ಕಾಡೆಮ್ಮೆ, ವೈಲ್ಡ್‌ಬೀಸ್ಟ್‌ಗಳಲ್ಲಿಯೂ ರೋಗವು ನೆಲೆಸಿ, ಎಳೆಯ ಕರುಗಳನ್ನು ವರ್ಷವರ್ಷವೂ ಕೊಲ್ಲುತ್ತಿತ್ತು. ವನ್ಯಮೃಗಗಳೇ ರೋಗದ ಆಗರವೆಂದು ಆಗ ತಿಳಿಯಲಾಗಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸುತ್ತಲಿನ ದನಗಳಿಗೆ ಲಸಿಕೆ ಹಾಕಲಾಯಿತು. ಒಂದೇ ಒಂದು ವೈಲ್ಡ್‌ಬೀಸ್ಟ್‌ಗೂ ಲಸಿಕೆ ಹಾಕದಿದ್ದರೂ ೧೯೬೩ರ ಹೊತ್ತಿಗೆ ಅವುಗಳಲ್ಲಿ ರೋಗವು ಮಾಯವಾಯಿತು. ರೋಗದ ನಿಜವಾದ ಮೂಲ ದನಗಳಲ್ಲಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು. ೨೦೧೧ರಲ್ಲಿ ಈ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

೧೯೬೧ರ ಎಣಿಕೆಯಲ್ಲಿ ಸುಮಾರು ೨ ಲಕ್ಷ ೬೦ ಸಾವಿರವಿದ್ದ ವೈಲ್ಡ್‌ಬೀಸ್ಟ್‌ಗಳು ೧೯೭೭ರ ಹೊತ್ತಿಗೆ ಸುಮಾರು ೧೪ ಲಕ್ಷವಾದವು. ಅವು ಹುಲ್ಲನ್ನು ಮೇಯ್ದುದರಿಂದ ಕಾಳ್ಗಿಚ್ಚು ತಗ್ಗಿತು. ಕಾಳ್ಗಿಚ್ಚು ತಗ್ಗಿದುದರಿಂದ ಮರದ ಸಸಿಗಳು ಮೇಲೆದ್ದವು. ದನದ ಕೊಟ್ಟಿಗೆಯಲ್ಲಿ ಹಾಕಿದ ಲಸಿಕೆ ಕಾಡಿನ ಮರಗಳನ್ನು ಬೆಳೆಸಿದ ಈ ವೃತ್ತಾಂತವು ಜೀವಜಾಲದ ಹೆಣಿಗೆಯನ್ನು ತಿಳಿಸುವ ಉತ್ತಮ ಪಾಠ. ಬಹುಕಾಲ ವಿಮಾನದಿಂದ ಎಣಿಸಿ ೧೩ ಲಕ್ಷದ ಆಸುಪಾಸಿನ ಸಂಖ್ಯೆಯನ್ನು ಹೇಳುತ್ತ ಬಂದಿದ್ದರೆ, ೨೦೨೨ ಮತ್ತು ೨೦೨೩ರ ಉಪಗ್ರಹ ಚಿತ್ರಗಳ ಎಣಿಕೆಯಲ್ಲಿ ೬ ಲಕ್ಷಕ್ಕಿಂತಲೂ ಕಡಿಮೆ ಕಂಡುಬಂದಿದೆ. ಈ ಅಂತರವು ವಿದ್ವಾಂಸರ ಚರ್ಚೆಯಲ್ಲಿದೆ.

ಇನ್ನೊಂದು ರೋಗವು ಇಂದಿಗೂ ಉಳಿದಿದೆ. ವೈಲ್ಡ್‌ಬೀಸ್ಟ್ ಕರುಗಳ ಮೈಯಲ್ಲಿ ಅವುಗಳಿಗೆ ಯಾವ ಬಾಧೆಯನ್ನೂ ಮಾಡದ ವೈರಾಣುವೊಂದಿದೆ. ಅದು ದನಗಳಿಗೆ ತಗುಲಿದರೆ ಬಹುಮಟ್ಟಿಗೆ ಸಾವೇ ಗತಿ. ಈ ಮರ್ಮವನ್ನು ಪ್ರಯೋಗಾಲಯಗಳಿಗಿಂತ ಮೊದಲೇ ಅರಿತಿದ್ದ ಮಾಸಾಯಿಗಳು ಕರು ಹಾಕುವ ಕಾಲದಲ್ಲಿ ದನಗಳನ್ನು ಬಯಲಿನಿಂದ ಎತ್ತರದ ಸೀಮೆಗೆ ಹೊಡೆದುಕೊಂಡು ಹೋಗುತ್ತಾರೆ. ಅಂದರೆ ವರ್ಷದ ಅತ್ಯುತ್ತಮ ಮೇವನ್ನು ಅವರು ಕಾಡುಮೃಗಗಳಿಗೆ ಬಿಟ್ಟುಕೊಡುತ್ತಾರೆ. ಪ್ರವಾಸಿಯು ನೋಡುವ ಮಳೆಗಾಲದ ವೈಭವದ ಹಿಂದೆ ದನಗಾಹಿಯ ಈ ನಷ್ಟವೂ ಇದೆ.

ಮನುಷ್ಯನು ಎಳೆದ ಗಡಿ

ಬ್ರಿಟಿಷರ ಆಡಳಿತದ ಕೊನೆಯ ವರ್ಷಗಳಲ್ಲಿ ಸೆರೆಂಗೆಟಿ ಉದ್ಯಾನದ ಗಡಿಯನ್ನು ಬದಲಿಸುವ ಯೋಜನೆ ಹೊರಟಿತು. ಹಿಂಡುಗಳು ನಿಜವಾಗಿ ಎಲ್ಲಿಗೆ ಹೋಗುತ್ತವೆಂಬುದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಜರ್ಮನಿಯ ಬರ್ನ್‌ಹಾರ್ಟ್ ಗ್ರಿಜಿಮೆಕ್ ಮತ್ತು ಅವರ ಮಗ ಮಿಖಾಯೆಲ್, ಜೀಬ್ರಾದಂತೆ ಪಟ್ಟೆ ಬಳಿದ ಚಿಕ್ಕ ವಿಮಾನದಲ್ಲಿ ಬಂದು, ೧೯೫೮ರಲ್ಲಿ ಆಕಾಶದಿಂದ ಮೃಗಗಳನ್ನು ಎಣಿಸಿ ಅವುಗಳ ದಾರಿಯನ್ನು ಗುರುತಿಸಿದರು. ಯೋಜಿಸಿದ ಗಡಿಯು ಹಿಂಡುಗಳ ಮಳೆಗಾಲದ ನೆಲೆಯನ್ನು ಹೊರಗಿಡುತ್ತದೆ ಎಂಬುದು ಅವರ ಶೋಧ. ೧೯೫೯ರ ಜನವರಿಯಲ್ಲಿ ಹಾರುತ್ತಿದ್ದ ವಿಮಾನಕ್ಕೆ ರಣಹದ್ದೊಂದು ಬಡಿದು ಮಿಖಾಯೆಲ್ ತಮ್ಮ ೨೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಮಾಧಿ ಎನ್‌ಗೊರೊಂಗೊರೊದ ಅಂಚಿನಲ್ಲಿದೆ. ೧೯೮೭ರಲ್ಲಿ ನಿಧನರಾದ ತಂದೆಯ ಸಮಾಧಿಯೂ ಪಕ್ಕದಲ್ಲಿಯೇ.

ಗಡಿಯನ್ನು ೧೯೫೯ರಲ್ಲಿ ಬದಲಿಸಲಾಯಿತು. ಸೆರೆಂಗೆಟಿಯಲ್ಲಿದ್ದ ಮಾಸಾಯಿಗಳು ಅದನ್ನು ಬಿಟ್ಟು ಎನ್‌ಗೊರೊಂಗೊರೊಗೆ ಹೋಗಬೇಕಾಯಿತು. ಅಲ್ಲಿ ಮೃಗಗಳೊಡನೆ ದನಗಾಹಿಗಳೂ ಇರಬಹುದೆಂದು ಏರ್ಪಟ್ಟಿತು. ಹಿಂಡುಗಳು ಮರಿ ಹಾಕುವ ಬಯಲಿನ ಬಹುಭಾಗ ಹೀಗೆ ಜನವಸತಿಯಿರುವ ಸಂರಕ್ಷಣಾ ಪ್ರದೇಶಕ್ಕೆ ಸೇರಿತು. ಎನ್‌ಡುಟುವಿನಲ್ಲಿ ನಿಂತವನಿಗೆ ಆ ಗಡಿ ಕಾಣುವುದಿಲ್ಲ, ವೈಲ್ಡ್‌ಬೀಸ್ಟ್‌ಗೂ ಕಾಣುವುದಿಲ್ಲ. ಆದರೆ ಮನುಷ್ಯರ ಬಾಳಿನಲ್ಲಿ ಅದು ದೊಡ್ಡದು. ಜನರೂ ದನಗಳೂ ಮಿತಿಮೀರಿವೆಯೆಂಬ ಕಾರಣದಿಂದ ೨೦೨೨ರಿಂದ ಟಾಂಜಾನಿಯಾ ಸರಕಾರವು ಎನ್‌ಗೊರೊಂಗೊರೊದ ಮಾಸಾಯಿ ಕುಟುಂಬಗಳನ್ನು ದೂರದ ಮ್ಸೊಮೆರಾ ಎಂಬ ಗ್ರಾಮಕ್ಕೆ ಸಾಗಿಸತೊಡಗಿತು. ಇದು ಅವರವರ ಇಚ್ಛೆಯಿಂದ ನಡೆಯುವುದೆಂದು ಸರಕಾರದ ಹೇಳಿಕೆ. ಸೌಕರ್ಯಗಳನ್ನು ಕಡಿಮೆ ಮಾಡಿ ತಮ್ಮನ್ನು ಹೊರದೂಡಲಾಗುತ್ತಿದೆ ಎಂಬುದು ಅನೇಕ ಮಾಸಾಯಿಗಳ ದೂರು. ಮೃಗಗಳಿಗೆ ಬಯಲು ಬೇಕು, ನಿಜ. ಮೃಗಗಳು ಬಂದಾಗ ಆ ಬಯಲನ್ನು ತಲೆಮಾರುಗಳಿಂದ ತೆರವು ಮಾಡಿಕೊಡುತ್ತ ಬಂದವರಿಗೂ ಬದುಕು ಬೇಕು. ಒಬ್ಬರ ಹಕ್ಕನ್ನು ಮರೆತು ಇನ್ನೊಬ್ಬರ ಹಕ್ಕನ್ನು ಎತ್ತಿಹಿಡಿಯುವ ಪರಿಹಾರವು ಬಹುಕಾಲ ನಿಲ್ಲಲಾರದು.

ನೋಡುವವರ ಹೊಣೆ

ನೋಡಲು ಹೋದವರ ಹೊಣೆಯೂ ಅಲ್ಪವಲ್ಲ. ಎನ್‌ಡುಟುವಿನ ಎನ್‌ಗೊರೊಂಗೊರೊ ಭಾಗದಲ್ಲಿ ವಾಹನಗಳು ದಾರಿ ಬಿಟ್ಟು ಬಯಲಿನ ಮೇಲೆ ಓಡಾಡುವ ರೂಢಿಯಿದೆ. ಚೀತಾ ಒಂದು ಕಂಡರೆ ಹತ್ತಾರು ವಾಹನಗಳು ಮುತ್ತುತ್ತವೆ. ನೆರೆಯ ಕೆನ್ಯಾದ ಮಾಸಾಯಿ ಮಾರಾದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರವಾಸಿಗಳು ವಿರಳವಾದ ಕಡೆ ಚೀತಾ ಒಂದು ಸೂಲಿಗೆ ಸರಾಸರಿ ಎರಡಕ್ಕಿಂತ ಹೆಚ್ಚು ಮರಿಗಳನ್ನು ಬೆಳೆಸಿದರೆ, ಪ್ರವಾಸಿಗಳು ದಟ್ಟವಾದ ಕಡೆ ಐದು ಸೂಲಿಗೆ ಒಂದೇ ಮರಿ ಉಳಿದಂತಾಯಿತು. ಮೆಚ್ಚಿ ನೋಡುವ ಕಣ್ಣೇ ನೋಡುವ ವಸ್ತುವನ್ನು ಅಳಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ದೂರ ನಿಲ್ಲುವುದು, ಯಂತ್ರವನ್ನು ನಿಲ್ಲಿಸುವುದು, ಬೇಟೆಗೂ ಮರಿಗೂ ಅಡ್ಡ ಬಾರದಿರುವುದು, ಕಾಣದಿದ್ದರೆ ಕಾಯುವುದು: ಮಳೆಗಾಲದ ಸಫಾರಿಯ ಶಿಸ್ತು ಇಷ್ಟೇ.

ಮೇ ತಿಂಗಳ ವೇಳೆಗೆ ಶಿಬಿರದ ಡೇರೆಗಳು ಕಿತ್ತುಹೋಗಿರುತ್ತವೆ. ಮೂರು ತಿಂಗಳ ಕರುಗಳು ತಾಯಂದಿರ ಪಕ್ಕದಲ್ಲಿ ವಾಯವ್ಯಕ್ಕೆ ಸಾಲುಗಟ್ಟಿ ನಡೆದಿರುತ್ತವೆ. ಬಯಲಿನಲ್ಲಿ ಸಗಣಿಹುಳು ಹೂಳಿದ ಸಾರವೂ ಬೂದಿಮಣ್ಣೂ ಮುಂದಿನ ಮಳೆಗೆ ಕಾದಿರುತ್ತವೆ. ಮೋಡಗಳು ತಪ್ಪದೆ ಮರಳುವವರೆಗೆ, ಹಿಂಡುಗಳು ಬರುವ ದಾರಿಗೆ ಬೇಲಿ ಬೀಳದಿರುವವರೆಗೆ, ಆ ನೆಲದ ದನಗಾಹಿಗೂ ಅದರಲ್ಲಿ ಪಾಲಿರುವವರೆಗೆ ಎನ್‌ಡುಟುವಿನ ಹುಟ್ಟಿನ ಹಬ್ಬವು ವರ್ಷವರ್ಷವೂ ನಡೆಯುತ್ತದೆ.